ಹೆಣ್ಣಿನ ಕಾವ್ಯದಲ್ಲಿ ಬಂಧನ ಮತ್ತು ಬಿಡುಗಡೆ: ಸಂಕೇತಗಳನ್ನು ಓದುವ ಬಗೆ

ಸ್ತ್ರೀವಾದಿ ಕಾವ್ಯದ ಬಗ್ಗೆ ಬರೆಯಲು ಕೂರುವ ಅನೇಕರ ಟಿಪ್ಪಣಿಯಲ್ಲಿ ಹಕ್ಕಿ ಎಂದರೆ ಸ್ವಾತಂತ್ರ್ಯ, ಪಂಜರ ಎಂದರೆ ದಬ್ಬಾಳಿಕೆ, ಒಲೆ ಎಂದರೆ ಶೋಷಣೆ ಎಂಬ ಪಟ್ಟಿಯೊಂದು ಕವಿತೆಯನ್ನು ಓದುವ ಮೊದಲೇ ಸಿದ್ಧವಾಗಿರುತ್ತದೆ. ಆಮೇಲೆ ಕವಿತೆಗೆ ಉಳಿಯುವುದು ಆ ಪಟ್ಟಿಗೆ ಉದಾಹರಣೆ ಒದಗಿಸುವ ಕೆಲಸ ಮಾತ್ರ. ಸಂಕೇತವನ್ನು ಕವಿತೆಯ ಒಳಗಿನಿಂದಲೇ ಬಿಡಿಸಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ಮುಖ್ಯವಾಗಿ ಅಕ್ಕಮಹಾದೇವಿಯ ಕೆಲವು ವಚನಗಳ ಮೂಲಕ ನೋಡೋಣ. 12ನೆಯ ಶತಮಾನದ ಅಕ್ಕನನ್ನು ಸ್ತ್ರೀವಾದಿ ಎಂದು ಕರೆಯಬಹುದೇ ಎಂಬ ವಾದವನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗಿಲ್ಲ. ಆಕೆಯ ವಚನಗಳನ್ನು ಸ್ತ್ರೀವಾದಿ ದೃಷ್ಟಿಯಿಂದ ಓದುತ್ತಿರುವವರು ನಾವು ಎಂಬ ಎಚ್ಚರವಿದ್ದರೆ ಸಾಕು.

ಮೊದಲ ಕೆಲಸ ಪಠ್ಯವನ್ನು ಖಚಿತಪಡಿಸಿಕೊಳ್ಳುವುದು. ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಕೈಯಿಂದ ಕೈಗೆ ನಕಲಾಗಿ ಬಂದವು, ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಮೇಲೆಯೂ ಪಾಠಾಂತರಗಳು, ಅಂದರೆ ಒಂದೇ ವಚನದ ಬೇರೆ ಬೇರೆ ರೂಪಗಳು, ಉಳಿದುಕೊಂಡೇ ಇವೆ. ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಂತೂ ಸಾಲುಗಳು ಅರ್ಧಕ್ಕೇ ತುಂಡಾಗಿರುತ್ತವೆ. ಆದ್ದರಿಂದ ಸಂಪಾದಿತ ವಚನ ಸಂಪುಟವೊಂದನ್ನು ಮುಂದಿಟ್ಟುಕೊಂಡು, ವಚನವನ್ನು ಅಂಕಿತದವರೆಗೆ (ಕೊನೆಯಲ್ಲಿ ಬರುವ ಇಷ್ಟದೇವರ ಹೆಸರು; ಅಕ್ಕನದು ಚೆನ್ನಮಲ್ಲಿಕಾರ್ಜುನ) ಪೂರ್ಣವಾಗಿ ಬರೆದುಕೊಳ್ಳಿ.

ಅನಂತರ ವಚನದಲ್ಲಿ ಬರುವ ವಸ್ತು ಮತ್ತು ಪ್ರಾಣಿಗಳನ್ನು ಗುರುತಿಸಿ, ಪ್ರತಿಯೊಂದರ ಎದುರಿಗೂ ಅದು ಏನು ಮಾಡುತ್ತಿದೆ, ಅದಕ್ಕೆ ಏನಾಗಿದೆ, ಹಾಗೆ ಮಾಡಿದವರು ಯಾರು ಎಂಬುದನ್ನು ಬರೆಯಿರಿ. ಉದಾಹರಣೆಗೆ ಈ ವಚನವನ್ನು ತೆಗೆದುಕೊಳ್ಳಿ: “ಹಿಂಡನಗಲಿ ಹಿಡಿವಡೆದ ಕುಂಜರ ತನ್ನ ವಿಂಧ್ಯವ ನೆನೆವಂತೆ ನೆನೆವೆನಯ್ಯಾ. ಬಂಧನಕ್ಕೆ ಬಂದ ಗಿಳಿ ತನ್ನ ಬಂಧುವ ನೆನೆವಂತೆ ನೆನೆವೆನಯ್ಯಾ. ಕಂದಾ, ನೀನಿತ್ತ ಬಾ ಎಂದು ನೀವು ನಿಮ್ಮಂದವ ತೋರಯ್ಯಾ ಚೆನ್ನಮಲ್ಲಿಕಾರ್ಜುನಾ.” ಆನೆ ಮತ್ತು ಗಿಳಿ ಎರಡೂ ಸೆರೆ ಸಿಕ್ಕಿವೆ, ಆದರೆ ಸೆರೆ ಹಿಡಿದವರು ಯಾರೆಂದು ವಚನ ಹೇಳುವುದಿಲ್ಲ, ಸರಪಳಿಯ ವರ್ಣನೆಯಿಲ್ಲ, ಪಂಜರದ ಮಾತೂ ಇಲ್ಲ. ಎರಡೂ ಪ್ರಾಣಿಗಳು ಮಾಡುತ್ತಿರುವ ಒಂದೇ ಕೆಲಸ ನೆನೆಯುವುದು. ಆನೆ ನೆನೆಯುವುದು ತನ್ನ ನೆಲೆಯನ್ನು, ಗಿಳಿ ನೆನೆಯುವುದು ತನ್ನವರನ್ನು. ಹಾಗಾಗಿ ಇಲ್ಲಿನ ಬಿಡುಗಡೆಯನ್ನು ಒಂಟಿಯಾಗಿ ಆಕಾಶಕ್ಕೆ ಹಾರುವುದೆಂದು ವಿವರಿಸಿದರೆ ತಪ್ಪಾಗುತ್ತದೆ. ಅದು ಹಿಂಡಿಗೆ, ಬಂಧುವಿನ ಬಳಿಗೆ ಮರಳುವುದು. ಕೊನೆಯ ಸಾಲಿನಲ್ಲಿ ಆಕೆ ಕೇಳಿಸಿಕೊಳ್ಳಲು ಹಂಬಲಿಸುವುದು “ಕಂದಾ” ಎಂಬ ಕರೆಯನ್ನು. ಬೇರೆ ವಚನಗಳಲ್ಲಿ ಗಂಡನೆಂದು ಕರೆಸಿಕೊಳ್ಳುವ ಚೆನ್ನಮಲ್ಲಿಕಾರ್ಜುನ ಇಲ್ಲಿ ಹೆತ್ತವರ ಜಾಗದಲ್ಲಿ ನಿಂತಿದ್ದಾನೆ. ಮದುವೆಯಾಗಿ ಬಂದ ಹೆಣ್ಣು ತವರನ್ನು ನೆನೆಯುವ ನಮ್ಮ ಹಾಡುಗಳ ದನಿಗೂ ಇದಕ್ಕೂ ಹತ್ತಿರದ ನಂಟಿದೆ ಎಂಬುದು ನನ್ನ ಅಭಿಪ್ರಾಯ; ಅದನ್ನು ಅಭಿಪ್ರಾಯವೆಂದೇ ಬರೆಯಬೇಕು.

ಪಂಜರದ ಹಕ್ಕಿಯ ವಿಷಯದಲ್ಲಿ ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಅಮೆರಿಕದ ಕಪ್ಪು ಲೇಖಕಿ ಮಾಯಾ ಏಂಜೆಲೋ ಅವರ ಹೆಸರಿನೊಂದಿಗೆ ಬೆರೆತುಹೋಗಿರುವ ಆ ಸಂಕೇತವನ್ನು ಅವರು ಪಡೆದದ್ದು ಪಾಲ್ ಲಾರೆನ್ಸ್ ಡನ್‌ಬಾರ್ ಎಂಬ ಕಪ್ಪು ಕವಿ 1899ರಲ್ಲಿ ಪ್ರಕಟಿಸಿದ ಕವಿತೆಯಿಂದ. ಆ ಪಂಜರದಲ್ಲಿ ವರ್ಣಭೇದದ ಕಬ್ಬಿಣವೂ ಇದೆ. ಅದನ್ನು ಕಡೆಗಣಿಸಿ ಎಲ್ಲ ಪಂಜರಗಳನ್ನೂ ಒಂದೇ ಪಂಜರವೆಂದು ಓದಬಾರದು.

ಮುಂದಿನ ಹಂತ ಸ್ವಲ್ಪ ಕಷ್ಟದ್ದು. ಬಂಧನವನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಕವಿತೆ ಕೆಲವೊಮ್ಮೆ ನಾವು ಬಯಸದ ಉತ್ತರ ಕೊಡುತ್ತದೆ. “ತೆರಣಿಯ ಹುಳು ತನ್ನ ಸ್ನೇಹದಿಂದ ಮನೆಯ ಮಾಡಿ ತನ್ನ ನೂಲು ತನ್ನನೆ ಸುತ್ತಿ ಸಾವಂತೆ” ಎನ್ನುವ ವಚನದಲ್ಲಿ ಆ ರೇಷ್ಮೆಹುಳುವನ್ನು ಕೊಲ್ಲುವ ಮನೆ ಅದರದೇ ನೂಲಿನದು, ಅದೂ ಪ್ರೀತಿಯಿಂದ ಕಟ್ಟಿದ್ದು. ವಚನ ಮುಂದುವರಿದು ಈ ಮಾತನ್ನು ಮನಸ್ಸಿನ ದುರಾಸೆಗೆ ಅನ್ವಯಿಸುತ್ತದೆ, ಅಂದರೆ ಅದರ ನೇರವಾದ ಅರ್ಥ ಆಧ್ಯಾತ್ಮಿಕವಾದುದು. ಇದನ್ನು ಸಂಸಾರದಲ್ಲಿ ಸವೆದ ಹೆಣ್ಣಿನ ಚಿತ್ರವೆಂದು ಓದಲು ಅವಕಾಶವಿದೆ, ಏಕೆಂದರೆ ಮನೆ, ಸ್ನೇಹ, ಮೈಯಿಂದಲೇ ತೆಗೆದ ನೂಲು ಈ ಮೂರೂ ಆ ಓದಿಗೆ ಆಧಾರ ಕೊಡುತ್ತವೆ. ಆದರೆ ಮೊದಲನೆಯ ಅರ್ಥವನ್ನು ಓದುಗರ ಮುಂದಿಟ್ಟು, ಅಲ್ಲಿಂದ ಎರಡನೆಯದಕ್ಕೆ ಯಾವ ಆಧಾರದ ಮೇಲೆ ಹೋಗುತ್ತಿದ್ದೇವೆ ಎಂಬುದನ್ನು ಹೇಳಿಯೇ ಹೋಗಬೇಕು. ಈ ಮೆಟ್ಟಿಲನ್ನು ಹಾರಿ ಬರೆದ ಲೇಖನಗಳೇ ಹೆಚ್ಚು.

ಒಂದೇ ವಸ್ತು ಬೇರೆ ಬೇರೆ ಕಡೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಹಿಂಬಾಲಿಸಬೇಕು. “ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ” ಎಂದು ಅಕ್ಕ ಹೇಳುವಾಗ, ಹೆಣ್ಣು ದಿನವಿಡೀ ಕಾಯುವ ಒಲೆಗೆ ಸೌದೆಯಾಗುವವರು ಗಂಡಂದಿರು. ಈ ಮಾತನ್ನು ಆಕೆ ಹೇಳುತ್ತಿರುವುದು ತಾಯಿಗೆ, ಅಂದರೆ ಇನ್ನೊಬ್ಬ ಹೆಣ್ಣಿಗೆ. ನಮ್ಮ ಕಾಲದ ಲೇಖಕಿ ವೈದೇಹಿಯವರು ಕಾವ್ಯ ಬಲ್ಲವರನ್ನು ತಿಳಿಸಾರು ಗೊತ್ತೇ ಎಂದು ಕೇಳಿದಾಗ ಅದೇ ಅಡುಗೆಮನೆ ತಿಳಿವಳಿಕೆಯ ಜಾಗವಾಗಿ, ಒಂದು ಸವಾಲಾಗಿ ನಿಲ್ಲುತ್ತದೆ. ಬೀಸುವ ಪದಗಳಲ್ಲಿಯೂ ಹಾಗೆಯೇ: ಬೀಸುವುದು ಬೆವರಿಳಿಸುವ ದುಡಿಮೆಯೇ ಆದರೂ, ಕಲ್ಲು ಕೊಟ್ಟ ತಾಯಿಗೆ ಎಲ್ಲ ಭಾಗ್ಯವೂ ಬರಲೆಂದು ಹಾಡುವವಳು ಹರಸುತ್ತಾಳೆ. ಬೀಸುಕಲ್ಲನ್ನು ದಬ್ಬಾಳಿಕೆಯ ಸಂಕೇತವೆಂದು ಮುಗಿಸಿಬಿಟ್ಟರೆ ಆ ಹರಕೆಗೆ ಜಾಗವೇ ಇರುವುದಿಲ್ಲ.

ಉಡುಗೆಯ ಸಂಕೇತ ಅಕ್ಕನ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೊಳಗಾದದ್ದು, ಎಲ್ಲಕ್ಕಿಂತ ಹೆಚ್ಚು ಅವಸರದಲ್ಲಿ ಓದಿದ್ದೂ ಹೌದು. “ಕೈಸಿರಿಯ ದಂಡವ ಕೊಳಬಹುದಲ್ಲದೆ ಮೈಸಿರಿಯ ದಂಡವ ಕೊಳಲುಂಟೆ?” ಎಂದು ಆರಂಭವಾಗುವ ವಚನ, ಚೆನ್ನಮಲ್ಲಿಕಾರ್ಜುನನ ಬೆಳಗನ್ನು ಉಟ್ಟು ಲಜ್ಜೆಗೆಟ್ಟವಳಿಗೆ ಉಡುಗೆ ತೊಡುಗೆಯ ಹಂಗೇಕೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಗಮನಿಸಬೇಕಾದದ್ದು ಇದರ ವಾದದ ಕ್ರಮ: ದಂಡ ವಸೂಲಿ, ಸೆಳೆದುಕೊಳ್ಳುವುದು ಇವು ಆಳುವವರ ಕೆಲಸಗಳು, ಅವುಗಳ ಕೈಗೆ ಸಿಗದಂಥ ಸಂಪತ್ತು ತನ್ನ ಬಳಿ ಇದೆ ಎಂದು ಆಕೆ ಹೇಳುತ್ತಿದ್ದಾಳೆ. ಬಟ್ಟೆ ಕಳಚುವುದೇ ಸ್ವಾತಂತ್ರ್ಯವೆಂದು ಇಲ್ಲಿ ಹೇಳಿಲ್ಲ. ಬೆಳಕನ್ನು ಉಟ್ಟಿದ್ದೇನೆ ಎಂದಿದೆ. ಇದರ ಪಕ್ಕದಲ್ಲಿ, ಶರಣರ ವಚನಗಳನ್ನು ಸಂವಾದವಾಗಿ ಹೊಂದಿಸಿದ ಶೂನ್ಯಸಂಪಾದನೆಯ ಪ್ರಸಂಗವನ್ನಿಟ್ಟು ನೋಡಿ. ಸೀರೆಯನ್ನು ತೊರೆದವಳು ಕೂದಲಿನಿಂದ ಮೈ ಮರೆಸಿಕೊಂಡಿರುವುದೇಕೆ ಎಂದು ಅಲ್ಲಮ ಕೇಳಿದಾಗ, ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆಯ ಚೆಲುವು ಕೆಡದು ಎಂದೂ, ಕಾಮನ ಮುದ್ರೆಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿದೆನೆಂದೂ ಆಕೆ ಉತ್ತರಿಸುತ್ತಾಳೆ. ಮುಚ್ಚಿಕೊಂಡದ್ದು ತನ್ನ ನಾಚಿಕೆಗಲ್ಲ, ನೋಡುವವರ ದೌರ್ಬಲ್ಯವನ್ನು ನೆನೆದು! ಇಷ್ಟಾದರೂ ಈ ಸಂವಾದದ ಚೌಕಟ್ಟು ಅಕ್ಕನದಲ್ಲ. ಶೂನ್ಯಸಂಪಾದನೆಗಳನ್ನು ಹೊಂದಿಸಿದವರು ಶತಮಾನಗಳ ಅನಂತರದ ಸಂಕಲನಕಾರರಾದ ಗಂಡಸರು. ಹೆಣ್ಣೊಬ್ಬಳು ತನ್ನ ದೇಹದ ಬಗ್ಗೆ ಸಮಜಾಯಿಷಿ ಕೊಡಬೇಕಾದ ಸಭೆಯನ್ನು ಕಟ್ಟಿದವರು ಯಾರು ಎಂಬುದೂ ನಿಮ್ಮ ಓದಿನ ಭಾಗವಾಗಬೇಕು.

ಸಾಧ್ಯವಾದಲ್ಲೆಲ್ಲ ಜೋಡಿ ಓದು ಮಾಡಿ. ಮೊಲೆ ಮುಡಿ ಬಂದರೆ ಹೆಣ್ಣೆನ್ನುವರು ಎಂಬ ಮಾತಿನಿಂದ ಜೇಡರ ದಾಸಿಮಯ್ಯನದೂ ವಚನಕಾರ್ತಿ ಗೊಗ್ಗವ್ವೆಯದೂ ಎರಡು ವಚನಗಳು ಆರಂಭವಾಗುತ್ತವೆ. ದಾಸಿಮಯ್ಯ ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಉತ್ತರ ಹೇಳಿ ಮುಗಿಸುತ್ತಾನೆ. ಗೊಗ್ಗವ್ವೆ “ಈ ಉಭಯದ ಜ್ಞಾನ ಹೆಣ್ಣೊ ಗಂಡೊ ನಾಸ್ತಿನಾಥಾ” ಎಂದು ಪ್ರಶ್ನೆಯಲ್ಲೇ ಬಿಡುತ್ತಾಳೆ. ಆತ್ಮದ ಜಾಗದಲ್ಲಿ ಆಕೆ ಜ್ಞಾನವನ್ನಿಟ್ಟಿರುವುದು ನನಗೆ ಬಹಳ ದೊಡ್ಡ ವ್ಯತ್ಯಾಸವೆನಿಸುತ್ತದೆ, ಏಕೆಂದರೆ ಹೆಣ್ಣಿಗೆ ಆತ್ಮವಿದೆ ಎಂದು ಒಪ್ಪುವವರೂ ಆಕೆಯ ಜ್ಞಾನವನ್ನು ಅನುಮಾನಿಸಿದ್ದುಂಟು.

ಸಂಕೇತವೇ ಇಲ್ಲದ ಕಡೆ ಅದನ್ನು ಹುಡುಕುವುದು ಬೇಡ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ, ಪತಿವ್ರತೆಯ ಧರ್ಮವನ್ನು ಬೋಧಿಸುವ ಕೃತಿಯೊಳಗೇ “ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು ಕಣ್ಣು ಕಾಣದ ಗಾವಿಲರು” (ಹೆಣ್ಣೆಂದು ಏಕೆ ಹೀಗಳೆಯುತ್ತಾರೆ ಕಣ್ಣು ಕಾಣದ ಮೂಢರು) ಎಂದು ಕೇಳುತ್ತಾಳೆ. ಇದು ನೇರ ವಾದ. ಇಲ್ಲಿ ಕೇಳಬೇಕಾದ ಪ್ರಶ್ನೆ, ವಿಧೇಯತೆಯನ್ನು ಕಲಿಸುವ ಪುಸ್ತಕದಲ್ಲಿ ಈ ಸಾಲಿಗೆ ಹೇಗೆ ಜಾಗ ಸಿಕ್ಕಿತು ಎಂಬುದು.

ಬರೆಯುವ ಹಂತಕ್ಕೆ ಬಂದಾಗ ಹತ್ತು ಕವಿತೆಗಳಿಂದ ಒಂದೊಂದು ಸಾಲನ್ನು ಹೆಕ್ಕುವುದಕ್ಕಿಂತ ಎರಡು ಮೂರು ವಚನಗಳನ್ನು ಇಡಿಯಾಗಿ ಚರ್ಚಿಸುವುದು ಮೇಲು. ಉಲ್ಲೇಖಿಸುವಾಗ ಅಂಕಿತವನ್ನು ಕತ್ತರಿಸಬೇಡಿ. “ಹಸಿವಾದಡೆ ಊರೊಳಗೆ ಭಿಕ್ಷಾನ್ನಗಳುಂಟು” ಎಂಬ ವಚನವನ್ನು ಒಂಟಿ ಹೆಣ್ಣಿನ ಧೈರ್ಯದ ಘೋಷಣೆಯಾಗಿ ಬಳಸುವವರು ಅದರ ಕೊನೆಯ “ಆತ್ಮಸಂಗಾತಕ್ಕೆ ನೀನೆನಗುಂಟು” ಎಂಬುದನ್ನು ಬಿಟ್ಟುಬಿಡುವುದುಂಟು. ಅನ್ನ, ನೀರು, ಮಲಗಲು ಹಾಳು ದೇಗುಲ ಎಂದು ಬಿಡುಗಡೆಯ ಖರ್ಚುವೆಚ್ಚವನ್ನೆಲ್ಲ ಲೆಕ್ಕ ಹಾಕಿದ ಮೇಲೆಯೂ ಆಕೆಗೆ ಸಂಗಾತ ಬೇಕಾಗಿದೆ. ಅದನ್ನು ಕೊರತೆಯೆಂದು ಓದುತ್ತೀರೋ ಆಯ್ಕೆಯೆಂದು ಓದುತ್ತೀರೋ ಎಂಬುದನ್ನು, ನಿಮ್ಮ ಕಾರಣಗಳೊಂದಿಗೆ, ಲೇಖನದಲ್ಲಿ ಬರೆಯಿರಿ.