ಹಳೇ ಕಂಪ್ಯೂಟರಿನ ಬಸ್ ವೇಗ ಏರಿಸುವುದು ಹೇಗೆ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಪ್ಪ ಕ್ಯಾಮೆರಾದಲ್ಲಿ ಹಿಡಿದಿಟ್ಟ ಯಕ್ಷಗಾನದ ಟೇಪುಗಳು ಎರಡು ಪೆಟ್ಟಿಗೆ ತುಂಬ ಇವೆ. ಮಳೆಗಾಲದ ಥಂಡಿಗೆ ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಬೇಗ ಕಂಪ್ಯೂಟರಿಗೆ ಇಳಿಸಬೇಕಿತ್ತು. ಆದರೆ ನನ್ನಲ್ಲಿದ್ದದ್ದು 2007ರ ಕಾಲದ ಪೆಂಟಿಯಂ ಡ್ಯುಯಲ್ ಕೋರ್ ಇ2160 ಪ್ರೊಸೆಸರ್. ಇಡೀ ರಾತ್ರಿಯ ಒಂದು ಆಟವನ್ನು ಸಣ್ಣ ಫೈಲ್ ಮಾಡಲು ಅದಕ್ಕೆ 12 ಗಂಟೆ ಹಿಡಿಯುತ್ತಿತ್ತು. ಬಸ್ ವೇಗ ಏರಿಸಿದ ಮೇಲೆ ಈಗ ಎಂಟು ಗಂಟೆ ಚಿಲ್ಲರೆ ಸಾಕು.

ಬಸ್ ಅಂದರೆ ಪ್ರೊಸೆಸರಿಗೂ ಬೋರ್ಡಿನ ಉಳಿದ ಭಾಗಕ್ಕೂ ನಡುವೆ ಡೇಟಾ ಸಾಗುವ ದಾರಿ. ಲೆಕ್ಕ ಸರಳ. ಬಸ್ ವೇಗವನ್ನು ಮಲ್ಟಿಪ್ಲೈಯರ್ ಅನ್ನುವ ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ. ಇ2160ರಲ್ಲಿ 200 ಮೆಗಾಹರ್ಟ್ಸ್ × 9, ಅಂದರೆ 1.8 ಗಿಗಾಹರ್ಟ್ಸ್. ಡಬ್ಬಿ ಮೇಲೆ ಬಸ್ 800 ಅಂತ ಬರೆದಿರುತ್ತದೆ. ಒಂದು ಬಡಿತಕ್ಕೆ ನಾಲ್ಕು ಸಲ ಡೇಟಾ ಸಾಗುವುದರಿಂದ ಹಾಗೆ. ಬಯಾಸ್‌ನಲ್ಲಿ ಕಾಣುವುದು 200. ಬಯಾಸ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ. ಒಂಬತ್ತನ್ನು ಮೇಲಕ್ಕೆ ಏರಿಸಲು ಬಿಡುವುದಿಲ್ಲ, ಹಾಗಾಗಿ 200ನ್ನೇ ಏರಿಸಬೇಕು. 2011ರ ಸ್ಯಾಂಡಿ ಬ್ರಿಡ್ಜ್ ಕಂಪ್ಯೂಟರಿನಲ್ಲಿ ಈ ದಾರಿ ನಡೆಯುವುದಿಲ್ಲ. ಅಲ್ಲಿ 100ರ ಒಂದೇ ಗಡಿಯಾರಕ್ಕೆ ಎಲ್ಲವನ್ನೂ ಕಟ್ಟಿದ್ದಾರೆ. ನೂರಕ್ಕೆ ನಾಲ್ಕೈದು ಏರಿಸುವಷ್ಟರಲ್ಲೇ ತೊಂದರೆ ಶುರು.

ಬಯಾಸ್ ಮುಟ್ಟುವ ಮೊದಲು ಫ್ಯಾನ್ ಬಿಚ್ಚಿ. ನನ್ನದರ ಹೀಟ್‌ಸಿಂಕ್ ಅನ್ನುವ ಶಾಖ ಹೀರುವ ಲೋಹದ ತುಂಡಿನ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಪ್ರೊಸೆಸರಿನಿಂದ ಅದಕ್ಕೆ ಶಾಖ ದಾಟಿಸುವ ಹಳೇ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಸ್ಪಿರಿಟ್ ಹಾಕಿದ ಹತ್ತಿ ಬಟ್ಟೆಯಿಂದ ಒರೆಸಿ, ಪ್ರೊಸೆಸರಿನ ಮಧ್ಯದಲ್ಲಿ ದಪ್ಪ ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಜಾಸ್ತಿ ಬೇಡ. ಫ್ಯಾನಿನ ನಾಲ್ಕು ಕಾಲನ್ನು ಎದುರುಬದುರು ಮೂಲೆಯ ಜೋಡಿಯಾಗಿ ಒತ್ತಿ. ಪ್ರತಿಯೊಂದೂ ಟಕ್ ಅನ್ನಬೇಕು. ಆಮೇಲೆ ಬೋರ್ಡಿನ ಹಿಂಭಾಗ ನೋಡಿ, ನಾಲ್ಕು ಬಿಳಿ ತುದಿಯೂ ಹೊರಗೆ ಬಂದಿರಬೇಕು. ನನ್ನದರಲ್ಲಿ ಒಂದು ಕಾಲು ಅರ್ಧಕ್ಕೇ ನಿಂತಿತ್ತು. ಅದನ್ನು ಸರಿ ಮಾಡಿದ್ದಕ್ಕೇ 9 ಡಿಗ್ರಿ ಇಳಿಯಿತು.

ಈಗ ಬಯಾಸ್. ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ದಾರಿಗಳಾದ ಪಿಸಿಐ 33.3ಕ್ಕೂ ಪಿಸಿಐ ಎಕ್ಸ್‌ಪ್ರೆಸ್ 100ಕ್ಕೂ ಲಾಕ್ ಆಗಿರಲಿ. ಇದನ್ನು ಆಟೋದಲ್ಲಿ ಬಿಟ್ಟರೆ ಕೆಲವು ಬೋರ್ಡುಗಳಲ್ಲಿ ಬಸ್ ಜೊತೆ ಅವೂ ಓಡುತ್ತವೆ, ಹಾರ್ಡ್ ಡಿಸ್ಕಿನ ಬರಹ ಕೆಡುತ್ತದೆ. ಅಪ್ಪನ ಅಡಿಕೆ ಲೆಕ್ಕದ ಫೈಲ್ ನಾನು ಹೀಗೇ ಕಳೆದುಕೊಂಡೆ. ಬರೀ ಚೌಕ, ಚುಕ್ಕೆ ಕಾಣುತ್ತಿದ್ದ ಆ ಪುಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಬ್ಯಾಕಪ್ ಮಾಡಿ, ದಯವಿಟ್ಟು.

ನಂತರ ರ‍್ಯಾಮ್. ನನ್ನದು ಡಿಡಿಆರ್2 667. ಬಸ್ 200 ಇದ್ದಾಗ ಬಸ್ಸಿಗೂ ಅದರ ಗಡಿಯಾರಕ್ಕೂ ಅನುಪಾತ 3:5, ಅಂದರೆ 333. ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗುವುದರಿಂದ 667. ಅನುಪಾತವನ್ನು ಹಾಗೇ ಬಿಟ್ಟು ಬಸ್ಸನ್ನು 266ಕ್ಕೆ ಏರಿಸಿದೆ. ರ‍್ಯಾಮ್ 886ಕ್ಕೆ ಹೋಗಿ ಪರದೆ ಕಪ್ಪಾಯಿತು. ಪವರ್ ವೈರ್ ತೆಗೆದು, ಬಯಾಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನಲ್ಲಿರುವ ಕ್ಲಿಯರ್ ಸಿಮಾಸ್ ಅನ್ನುವ ಪುಟ್ಟ ಜಂಪರನ್ನು ಸ್ವಲ್ಪ ಹೊತ್ತು ಬದಲಿಸಿಟ್ಟ ಮೇಲೆ ಜೀವ ಬಂತು. ಅನುಪಾತವನ್ನು 1:1 ಮಾಡಿ. ಆಗ ಬಸ್ 300 ಆದರೂ ರ‍್ಯಾಮ್ 600ರಲ್ಲಿ ಆರಾಮಾಗಿರುತ್ತದೆ.

ಇಷ್ಟಾದ ಮೇಲೆ ಬಸ್ಸನ್ನು ಹತ್ತತ್ತರಂತೆ ಏರಿಸಿ. ಪ್ರತಿ ಸಲ ವಿಂಡೋಸ್‌ಗೆ ಬಂದು, ಪ್ರೊಸೆಸರಿಗೆ ಭಾರೀ ಲೆಕ್ಕ ಕೊಟ್ಟು ಪರೀಕ್ಷಿಸುವ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಪ್ರೊಸೆಸರಿನ ಶಾಖ ತೋರಿಸುವ ಕೋರ್ ಟೆಂಪ್ ತೆರೆದಿಡಿ. 290ರವರೆಗೆ ನನಗೆ ತೊಂದರೆ ಬರಲಿಲ್ಲ. 300ಕ್ಕೆ ಹನ್ನೆರಡನೇ ನಿಮಿಷದಲ್ಲಿ ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಮ್ಮಿ ಇರಬೇಕಿತ್ತು ಅಂತ ಎರರ್ ತೋರಿಸಿ ಎರಡು ಕೋರಿನಲ್ಲಿ ಒಂದರ ಪರೀಕ್ಷೆ ನಿಂತಿತು. ಕಂಪ್ಯೂಟರ್ ಹ್ಯಾಂಗ್ ಆಗಿರಲಿಲ್ಲ, ಮೌಸ್ ಚೆನ್ನಾಗೇ ಓಡುತ್ತಿತ್ತು. ಆದರೂ ಲೆಕ್ಕ ತಪ್ಪಿದ ಪ್ರೊಸೆಸರನ್ನು ನಂಬುವ ಹಾಗಿಲ್ಲ. ವೋಲ್ಟೇಜ್ 0.0125ರಂತೆ ಎರಡು ಸಲ ಏರಿಸಿದೆ, ಎರರ್ ಬರುವುದು ನಿಂತಿತು. ವೋಲ್ಟೇಜ್ ವಿಷಯದಲ್ಲಿ ಜಿಪುಣರಾಗಿರಿ. ವೇಗ ಏರಿದಷ್ಟೇ ಪ್ರಮಾಣದಲ್ಲಿ ಶಾಖ ಏರುತ್ತದೆ, ಆದರೆ ವೋಲ್ಟೇಜಿಗೆ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ.

ಕೊನೆಯ ಪರೀಕ್ಷೆ ಬೇಸಿಗೆಯಲ್ಲಿ ಮಾಡಿ. ಜುಲೈ ಮಳೆಯಲ್ಲಿ ನನ್ನ ಕೋರ್ 52 ಡಿಗ್ರಿ ತೋರಿಸಿತ್ತು. ಅದನ್ನು ನೋಡಿ ಮುಗಿಯಿತು ಅಂದುಕೊಂಡಿದ್ದೆ. ಏಪ್ರಿಲ್ ಮಧ್ಯಾಹ್ನ ಅದೇ ಸೆಟ್ಟಿಂಗ್‌ಗೆ 66 ಬಂತು. 70 ದಾಟಿದರೆ ನಾನು ಬಸ್ ಇಳಿಸುತ್ತೇನೆ. ತೋಟದ ಪಂಪ್ ಶುರುವಾದಾಗ ನಮ್ಮಲ್ಲಿ ಬಲ್ಬ್ ಮಂಕಾಗುತ್ತದೆ. ಆ ಹೊತ್ತಿನಲ್ಲೂ ಒಂದು ಗಂಟೆ ಓಡಿಸಿ ನೋಡಿದೆ. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಸ್ 300, ಅನುಪಾತ 1:1, ಪಿಸಿಐ ಎಕ್ಸ್‌ಪ್ರೆಸ್ 100, ವೋಲ್ಟೇಜ್ ಇಷ್ಟು ಅಂತ ಒಂದು ಚೀಟಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದ್ದೇನೆ. ಬೋರ್ಡಿನ ಸಿಆರ್2032 ಸೆಲ್ ಹಳೆಯದಾದರೆ ಕರೆಂಟ್ ಹೋದ ರಾತ್ರಿ ಎಲ್ಲ ಅಳಿಸಿಹೋಗಿ ಮತ್ತೆ 200ಕ್ಕೇ ಬರುತ್ತದೆ.