ಐದು ದಿನ ದಾಟಿದ ಪ್ಲೇಟ್‌ಲೆಟ್ ಚೀಲದಿಂದ ಜೀವಕೋಶಗಳಿಗೆ ಆಹಾರ

ದಾವಣಗೆರೆಯಲ್ಲಿ ಡೆಂಗಿ ಕಾಲ ಬಂತೆಂದರೆ ಒಂದು ಚೀಲ ಪ್ಲೇಟ್‌ಲೆಟ್‌ಗಾಗಿ ರಾತ್ರಿಯೆಲ್ಲ ಅಲೆಯುವವರನ್ನು ಕಾಣುತ್ತೇವೆ. ಜ್ವರದ ಹಾವಳಿ ಇಳಿದ ಮೇಲೆ ಅದೇ ಚೀಲಗಳು ಬಳಕೆಯಾಗದೆ ಉಳಿಯುತ್ತವೆ. ಅವುಗಳ ಆಯುಷ್ಯ 5 ದಿನ. ಆಮೇಲೆ ಹಳದಿ ತ್ಯಾಜ್ಯ ಚೀಲವೇ ಗತಿ. ಯಾರೋ ತೋಳು ಚಾಚಿ ಕೊಟ್ಟದ್ದನ್ನು ಸುಡಲು ಕಳಿಸುವಾಗ ನನಗೆ ಸಂಕಟವಾಗುತ್ತದೆ. ಅದಕ್ಕೊಂದು ಒಳ್ಳೆಯ ಉಪಯೋಗವಿದೆ.

ಚಿಕಿತ್ಸೆಗಾಗಿ ಆಕರಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು) ಪ್ರಯೋಗಾಲಯದಲ್ಲಿ ಬೆಳೆಸುವಾಗ ಪೋಷಕ ದ್ರವಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ಕರುವಿನ ಸೀರಂ ಬೆರೆಸುತ್ತಾರೆ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯೊಳಗಿನ ಕರುವಿನ ಹೃದಯದಿಂದ ತೆಗೆದ ರಕ್ತದ ತಿಳಿಭಾಗ ಅದು. ಕರುವಿನ ಪ್ರೋಟೀನು ಕೋಶಕ್ಕೆ ಅಂಟಿಕೊಂಡು ರೋಗಿಯ ಮೈ ಸೇರಬಹುದು. ದನದ ವೈರಸ್, ಮಿದುಳಿನ ರೋಗ ತರುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನುಗಳ ಭಯವೂ ಇದೆ. ಪ್ಲೇಟ್‌ಲೆಟ್ ಒಡೆದು ತೆಗೆದ ರಸ ಈ ಸೀರಂನ ಜಾಗವನ್ನು ತುಂಬಬಲ್ಲದು ಎಂದು 2005ರಲ್ಲಿ ಸಂಶೋಧಕರು ತೋರಿಸಿದರು.

ಮೊದಲು ಚೀಲದ ಆಯ್ಕೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಲ್ಲಿ ಪಾಸಾಗಿರಬೇಕು, ದಾನಿಯ ಒಪ್ಪಿಗೆ ಇರಬೇಕು. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತೂಗಿ ನೋಡಿ: ಆರೋಗ್ಯವಾದ ಪ್ಲೇಟ್‌ಲೆಟ್‌ಗಳು ರೇಷ್ಮೆ ಸೀರೆಯ ಮಡಿಕೆಯಂತೆ ಮಿಂಚುತ್ತ ಸುಳಿಯುತ್ತವೆ. ಬಣ್ಣಗೆಟ್ಟ, ಗಂಟುಗಟ್ಟಿದ ಚೀಲವನ್ನು ಪಕ್ಕಕ್ಕಿಡಿ.

ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, 37 ಡಿಗ್ರಿಯ ನೀರಿನಲ್ಲಿ ಕರಗಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಮಂಜಿನ ಹರಳುಗಳು ಪ್ಲೇಟ್‌ಲೆಟ್‌ನ ಪೊರೆ ಹರಿದು, ಒಳಗಿದ್ದ ಬೆಳವಣಿಗೆ ಅಂಶಗಳು ಹೊರಬರುತ್ತವೆ. ಗಾಯ ಮಾಗಿಸಲೆಂದು ದೇಹ ಕೂಡಿಟ್ಟ ಸಾಮಗ್ರಿಯೇ ಇದು. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಚೂರುಪಾರನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಒಬ್ಬರ ರಕ್ತದಂತೆ ಇನ್ನೊಬ್ಬರದಿರುವುದಿಲ್ಲ. ಆದ್ದರಿಂದ ಹಲವು ದಾನಿಗಳ ತಿಳಿಯನ್ನು ಒಟ್ಟು ಸೇರಿಸಬೇಕು.

ಎಡವುವುದು ಮುಂದಿನ ಹಂತದಲ್ಲಿ. ಪ್ಲೇಟ್‌ಲೆಟ್‌ಗಳು ತೇಲುವ ಪ್ಲಾಸ್ಮಾ ದ್ರವದಲ್ಲಿ ಫೈಬ್ರಿನೋಜನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ಇರುತ್ತದೆ. ಪೋಷಕ ದ್ರವದ ಕ್ಯಾಲ್ಸಿಯಂ ಸಿಕ್ಕಿದೊಡನೆ ಅದು ಗರಣೆಗಟ್ಟುತ್ತದೆ. ತರಬೇತಿಯ ದಿನಗಳಲ್ಲಿ ಒಂದು ಬೆಳಗ್ಗೆ ಫ್ಲಾಸ್ಕನ್ನು ಓರೆ ಮಾಡಿದೆ, ದ್ರವ ಜರುಗಲೇ ಇಲ್ಲ. ಗಡಿಗೆಯ ಮೊಸರಿನಂತೆ ಕುಳಿತಿತ್ತು, ಕೋಶಗಳೆಲ್ಲ ಅದರೊಳಗೆ ಸಿಕ್ಕಿಕೊಂಡಿದ್ದವು. ಮಿಲಿಲೀಟರಿಗೆ 2 ಯೂನಿಟ್ ಹೆಪಾರಿನ್ ಎಂಬ ಹೆಪ್ಪು ತಡೆಯುವ ಔಷಧ ಹಾಕಿ ಇದನ್ನು ತಡೆಯುವುದು ರೂಢಿ. ಆದರೆ ಹೆಪಾರಿನ್ ಬಹುಪಾಲು ಹಂದಿಯ ಕರುಳಿನಿಂದ ಬರುತ್ತದೆ. ಕರುವನ್ನು ಬಿಟ್ಟು ಹಂದಿಯನ್ನು ಕರೆತಂದಂತಾಯಿತು. ಮೊದಲೇ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಗರಣೆ ಕಟ್ಟಿಸಿ, ಅದನ್ನು ತೆಗೆದುಬಿಡುವ ದಾರಿಯೇ ನನಗೆ ಸರಿ ಕಾಣುತ್ತದೆ.

ಬಳಿಕ 0.2 ಮೈಕ್ರಾನ್ ಸೋಸುಕದಲ್ಲಿ ಸೋಸಿ. ಬ್ಯಾಕ್ಟೀರಿಯಾ ನಿಲ್ಲುತ್ತವೆ, ವೈರಸ್ ನಿಲ್ಲುವುದಿಲ್ಲ. ಅದಕ್ಕಾಗಿ ಗಾಮಾ ವಿಕಿರಣ, ಅಥವಾ ಸೋರಲೆನ್ ಎಂಬ ರಾಸಾಯನಿಕ ಬೆರೆಸಿ ಅತಿನೇರಳೆ ಬೆಳಕು ಹಾಯಿಸುವ ಕ್ರಮ ಬೇಕು. ಪ್ರತಿ ಸಲ ತಯಾರಿಸಿದ ರಸಕ್ಕೂ ಸೋಂಕು, ಮೈಕೋಪ್ಲಾಸ್ಮಾ (ಅತಿ ಸಣ್ಣ ಬ್ಯಾಕ್ಟೀರಿಯಾ), ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ ಮಾಡಿಸಿ, ಪೋಷಕ ದ್ರವದಲ್ಲಿ ಶೇ 5ರಿಂದ 10ರಷ್ಟು ಬಳಸಿ. ರೋಗಿಗೆ ಕೊಡುವ ಕೋಶಗಳಾದರೆ ಪರವಾನಗಿ ಪಡೆದ ಘಟಕದಲ್ಲೇ ಇದೆಲ್ಲ ಆಗಬೇಕು.

ಶಿಬಿರಗಳಲ್ಲಿ ರಕ್ತ ಕೊಡಲು ಸಾಲು ನಿಂತವರಿಗೆ, ಸೂಜಿ ಚುಚ್ಚುವ ಮೊದಲೇ, ಕನ್ನಡದಲ್ಲಿ ಕೇಳಿ: ‘ನಿಮ್ಮ ರಕ್ತದ ಪ್ಲೇಟ್‌ಲೆಟ್ ಉಳಿದರೆ ಈ ಕೆಲಸಕ್ಕೆ ಬಳಸಬಹುದೇ?’ ಉತ್ತರವನ್ನು ಅರ್ಜಿಯಲ್ಲೇ ಬರೆದುಕೊಳ್ಳಿ.