‘ಹ್ಯೋರೆ’ ಎಂಬ ಒಂದೇ ಧಾತುವಿನಿಂದ ನಾರ್ವೇಜಿಯನ್ ಸಮಾಸಪದಗಳನ್ನು ಬಿಡಿಸಿದ ಬಗೆ

ಓಸ್ಲೋದಲ್ಲಿ ವಾಹನ ಚಾಲನಾ ಪರವಾನಗಿಯ ಲಿಖಿತ ಪರೀಕ್ಷೆಗೆ ಓದಲು ಕುಳಿತಾಗ, ರಸ್ತೆಯ ನಿಯಮಗಳಿಗಿಂತ ಅವುಗಳನ್ನು ಹೇಳುವ ಪದಗಳೇ ನನ್ನನ್ನು ಹೆಚ್ಚು ಕಾಡಿದವು. ಕಾರುಗಳಿಗೆ ಸಂಬಂಧಿಸಿದ ಬಿ ವರ್ಗದ ಪರೀಕ್ಷೆಯಲ್ಲಿ 45 ಪ್ರಶ್ನೆಗಳಿಗೆ 90 ನಿಮಿಷಗಳ ಅವಕಾಶವಿದ್ದು, 7ಕ್ಕಿಂತ ಹೆಚ್ಚು ತಪ್ಪಾದರೆ ಅನುತ್ತೀರ್ಣ. ಇಂಗ್ಲಿಷಿನಲ್ಲಿಯೂ ಉತ್ತರಿಸಬಹುದಾದರೂ, ರಸ್ತೆಬದಿಯ ಫಲಕಗಳನ್ನು ಹೇಗಿದ್ದರೂ ನಾರ್ವೇಜಿಯನ್ನಿನಲ್ಲೇ ಓದಬೇಕಾದ್ದರಿಂದ ಆ ಭಾಷೆಯನ್ನೇ ಆರಿಸಿಕೊಂಡೆ. ಪದಪಟ್ಟಿಯನ್ನು ಅಕಾರಾದಿಯಾಗಿ ಉರು ಹೊಡೆಯುವ ಬದಲು ಒಂದೊಂದು ಧಾತುವಿಗೆ ಒಂದೊಂದು ಪುಟ ಮೀಸಲಿಟ್ಟು, ಮೊದಲ ಪುಟವನ್ನು ವಾಹನ ಓಡಿಸುವುದು ಎಂಬರ್ಥದ ‘ಹ್ಯೋರೆ’ಗೆ ಕೊಟ್ಟೆ. ಇದರ ಮೊದಲ ವ್ಯಂಜನ ನಮ್ಮ ಹ್ಯಕಾರಕ್ಕೂ ಶಕಾರಕ್ಕೂ ನಡುವಿನದು. ಸ್ವರವು ತುಟಿಯನ್ನು ದುಂಡಗೆ ಮಾಡಿ ‘ಏ’ ಎಂದಾಗ ಬರುವಂಥದು. ಎರಡಕ್ಕೂ ನಮ್ಮಲ್ಲಿ ನೇರ ಅಕ್ಷರವಿಲ್ಲದ ಕಾರಣ ‘ಹ್ಯೋ’ ಎಂಬ ಗುರುತನ್ನೇ ಇಟ್ಟುಕೊಂಡೆ.

‘ಹ್ಯೋರಿಂಗ್’ ಎಂದರೆ ಓಡಿಸುವಿಕೆ. ಅದಕ್ಕೂ ಮೊದಲು ‘ಫೊರ್ಬಿ’ ಬಂದರೆ ಮುಂದಿನ ವಾಹನವನ್ನು ಹಿಂದಿಕ್ಕುವುದು; ‘ಇನ್’ ಬಂದರೆ ಒಳಗೆ ಓಡಿಸುವುದು; ‘ಯೆನ್ನೊಮ್’ ಬಂದರೆ ಒಂದು ಬೀದಿಯನ್ನು ಹಾದುಹೋಗುವುದಕ್ಕಷ್ಟೇ ಬಳಸುವುದು. ಕೊನೆಯ ಎರಡು ಪದಗಳ ನಂತರ ನಿಷೇಧವನ್ನು ಸೂಚಿಸುವ ‘ಫೊರ್ಬುಟ್’ ಸೇರಿಸಿ ಫಲಕಗಳ ಹೆಸರನ್ನು ಹೇಳುತ್ತಾರೆ. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನವೆಂದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಹೊಸದೇನೂ ಇಲ್ಲ: ಪದ ಎಷ್ಟೇ ಉದ್ದವಿರಲಿ, ಅದು ಏನೆಂಬುದನ್ನು ಕೊನೆಯ ಭಾಗ ಹೇಳುತ್ತದೆ, ಲಿಂಗವನ್ನೂ ಅದೇ ನಿರ್ಧರಿಸುತ್ತದೆ. ವಾಹನ ಎಂಬರ್ಥದ ‘ಹ್ಯೋರೆತೊಯ್’ ನಪುಂಸಕವಾಗಿರುವುದು ‘ತೊಯ್’ ನಪುಂಸಕವಾಗಿರುವುದರಿಂದಲೇ. ಹೀಗಾಗಿ ನಾನು ಪ್ರತಿ ಪದವನ್ನೂ ಕೊನೆಯಿಂದ ಮೊದಲಿಗೆ ಬಿಡಿಸುವ ಅಭ್ಯಾಸ ಮಾಡಿಕೊಂಡೆ.

ನಿಜವಾದ ಬಿಕ್ಕಟ್ಟು ಇದ್ದದ್ದು ಭಾಗಗಳು ಕೂಡುವ ಜಾಗದಲ್ಲಿ, ಮತ್ತು ಅದಕ್ಕೆ ಕಾರಣ ನಮ್ಮ ಲಿಪಿ. ಮುಖ್ಯ ರಸ್ತೆಯಲ್ಲಿ ಸಾಗುವವರಿಗೆ ಆದ್ಯತೆ ಇರುವಂಥ ದಾರಿಯನ್ನು ‘ಫೊರ್‌ಹ್ಯೋರ್ಸ್‌ವೈ’ ಎನ್ನುತ್ತಾರೆ. ಇಲ್ಲಿ ‘ಫೊರ್’ ಎಂದರೆ ಮೊದಲು, ‘ಹ್ಯೋರ್’ ನಮ್ಮ ಧಾತು, ‘ವೈ’ ಎಂದರೆ ದಾರಿ; ನಡುವಿನ ಸಕಾರ ಕೇವಲ ಬೆಸುಗೆ. ಕನ್ನಡದಲ್ಲಿ ಬರೆಯುವಾಗ ವ್ಯಂಜನವು ಮುಂದಿನ ಸ್ವರಕ್ಕೆ ಅಂಟಿಕೊಳ್ಳುವುದು ಸಹಜವಾದ್ದರಿಂದ, ಆ ಸಕಾರ ಹಿಂದಿನ ಭಾಗವನ್ನು ಬಿಟ್ಟು ಒತ್ತಕ್ಷರದ ರೂಪದಲ್ಲಿ ‘ಸ್ವೈ’ ಆಗಿ ಕುಳಿತುಬಿಡುತ್ತದೆ. ತಿರುಗು ಎಂಬರ್ಥದ ‘ಸ್ವಿಂಗೆ’ಯಂಥ ಪದಗಳೂ ಆ ಭಾಷೆಯಲ್ಲಿ ಇರುವುದರಿಂದ ಕಣ್ಣಿಗೆ ಅನುಮಾನವೂ ಬರುವುದಿಲ್ಲ, ಧಾತು ಮಾತ್ರ ಮರೆಯಾಗುತ್ತದೆ. ಬೆಸುಗೆಯ ಸಕಾರವನ್ನು ಸದಾ ಹಿಂದಿನ ಭಾಗದ ಕೊನೆಯಲ್ಲಿ ಅರ್ಧಾಕ್ಷರವಾಗಿಯೇ ನಿಲ್ಲಿಸಿ, ಅದರ ನಂತರ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯತೊಡಗಿದ ಮೇಲೆ ಈ ಗೊಂದಲ ತಪ್ಪಿತು. ನಮ್ಮ ಆಗಮ ಸಂಧಿಯ ಯಕಾರ ವಕಾರಗಳು ಎರಡು ಸ್ವರಗಳ ನಡುವೆ ಉಚ್ಚಾರಣೆಯ ಅನುಕೂಲಕ್ಕಾಗಿ ಬರುತ್ತವೆ. ಆದರೆ ಈ ಸಕಾರಕ್ಕೆ ಷಷ್ಠೀ ವಿಭಕ್ತಿಯ ನಂಟಿದೆ. ಅದು ಎಲ್ಲಿ ಬರುತ್ತದೆಂದು ಊಹಿಸುವುದು ಕಷ್ಟವೆನ್ನುತ್ತಾರಾದರೂ, ಭಾಗವೊಂದು ‘ಇಂಗ್’, ‘ಹೇತ್’, ‘ಎಲ್ಸೆ’, ‘ಶೂನ್’ ಪ್ರತ್ಯಯಗಳಿಂದ ಮುಗಿದರೆ ಅದರ ನಂತರ ಸಾಮಾನ್ಯವಾಗಿ ಸಕಾರ ಬಂದೇ ಬರುತ್ತದೆ. ಕಲಿಯುವವರ ಓಡಾಟಕ್ಕೆ ‘ಓವೆಲ್ಸೆಸ್‌ಹ್ಯೋರಿಂಗ್’ ಎನ್ನುವುದು ಇದಕ್ಕೆ ಒಳ್ಳೆಯ ಉದಾಹರಣೆ. (ಈ ಅಭ್ಯಾಸದ ವೇಳೆ ಪಕ್ಕದಲ್ಲಿ ಕೂರುವವರಿಗೆ ಕನಿಷ್ಠ 25 ವರ್ಷ ತುಂಬಿರಬೇಕು, ಕಾರಿನ ಹಿಂಬದಿಗೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು.)

ಕತ್ತಲಲ್ಲಿ ಓಡಿಸುವುದರ ಪ್ರಾತ್ಯಕ್ಷಿಕೆಗೆ ‘ಮೊರ್ಕೆಹ್ಯೋರಿಂಗ್ಸ್‌ದೆಮೊನ್ಸ್ತ್ರಶೂನ್’ ಎಂಬ ಹೆಸರಿದೆ. ಬಾಯಿ ಲೆಕ್ಕದಲ್ಲಿ ಎಂಟು ಉಚ್ಚಾರಾಂಶಗಳು, ಅರ್ಥದ ಲೆಕ್ಕದಲ್ಲಿ ಮೂರು ಭಾಗಗಳು: ಕತ್ತಲು, ಓಡಿಸುವಿಕೆ, ಪ್ರದರ್ಶನ. ಮೊದಲ ಎರಡರ ನಡುವೆ ಬೆಸುಗೆಯ ಸಕಾರವಿಲ್ಲ, ಎರಡನೆಯದರ ನಂತರ ಇದೆ. ಹಾಗಾಗಿ ಆ ಸಕಾರವನ್ನು ಕಂಡೊಡನೆ ಪದದ ದೊಡ್ಡ ಸೀಳು ಅಲ್ಲಿದೆಯೆಂದು ತಿಳಿಯುತ್ತದೆ. ಉಚ್ಚರಿಸುವಾಗ ಮುಖ್ಯ ಒತ್ತು ‘ಮೊರ್’ ಮೇಲೆ, ಅದಕ್ಕಿಂತ ಕಡಿಮೆಯದು ಕೊನೆಯ ‘ಶೂನ್’ ಮೇಲೆ ಬೀಳಬೇಕು. ಎಲ್ಲ ಅಕ್ಷರಗಳನ್ನೂ ಒಂದೇ ತೂಕದಲ್ಲಿ ನುಡಿಯುವ ನಮ್ಮ ರೂಢಿಯಲ್ಲಿ ಹೇಳಿದರೆ ಕೇಳುವವರಿಗೆ ಪದದ ಭಾಗಗಳು ಸಿಗುವುದಿಲ್ಲ. ಮೇಜಿನ ಮೇಲೆ ಬೆರಳು ಕುಟ್ಟುತ್ತಾ, ಪ್ರತಿ ಭಾಗದ ಒತ್ತಿರುವ ಉಚ್ಚಾರಾಂಶಕ್ಕೆ ಮಾತ್ರ ಪೆಟ್ಟು ಕೊಟ್ಟು ನಾನು ಇದನ್ನು ರೂಢಿಸಿಕೊಂಡೆ.

ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಓಸ್ಲೋ ಕಡೆಯ ಮಾತಿನಲ್ಲಿ ರಕಾರದ ನಂತರ ಬರುವ ತ, ನ, ಸಗಳು ರಕಾರವನ್ನು ನುಂಗಿ, ನಾಲಿಗೆಯನ್ನು ಮೇಲಕ್ಕೆ ಮಡಿಸಿ ನುಡಿಯುವ ಮೂರ್ಧನ್ಯಗಳಾಗುತ್ತವೆ. ಮಗುವಿನ ಆಸನವಾದ ‘ಬಾರ್ನೆಸೇತೆ’ ಬಾಯಲ್ಲಿ ‘ಬಾಣೆಸೇತೆ’ ಆಗುತ್ತದೆ. ಮೋಟಾರ್ ಎಂಬರ್ಥದ ‘ಮೂತುರ್’ ಮತ್ತು ಸೈಕಲ್ ಎಂಬರ್ಥದ ‘ಸುಕ್ಕೆಲ್’ ಕೂಡಿ ‘ಮೂತುಷುಕ್ಕೆಲ್’ ಎಂದು ಕೇಳಿಸುತ್ತದೆ. ಣಕಾರ ಷಕಾರಗಳು ನಮಗೆ ಅಕ್ಷರಮಾಲೆಯಲ್ಲೇ ಸಿಕ್ಕಿರುವುದರಿಂದ, ಕಿವಿಗೆ ಬಿದ್ದ ರೂಪವನ್ನು ಯಾವ ವಿಶೇಷ ಚಿಹ್ನೆಯೂ ಇಲ್ಲದೆ ಬರೆದಿಟ್ಟುಕೊಳ್ಳಬಹುದು.

ಧಾತು ಹಿಡಿದು ಹೋದರೆ ಎಲ್ಲ ಪದಗಳೂ ಬಿಚ್ಚಿಕೊಳ್ಳುತ್ತವೆಂದು ನಾನು ಹೇಳಲಾರೆ. ‘ಒಪ್‌ಹ್ಯೋರಿಂಗ್’ನ ಭಾಗಗಳನ್ನು ಕೂಡಿಸಿದರೆ ಮೇಲಕ್ಕೆ ಓಡಿಸುವುದೆಂದಾಗುತ್ತದೆ, ಆದರೆ ಅದು ಪರೀಕ್ಷಕರು ಪಕ್ಕದಲ್ಲಿ ಕುಳಿತು ನಡೆಸುವ ರಸ್ತೆಯ ಪರೀಕ್ಷೆ. ‘ಓವರ್‌ಹ್ಯೋರ್ಟ್’ ಎಂಬುದನ್ನು ವಾಹನದಡಿ ಸಿಕ್ಕವರಿಗೆ ಹೇಳುವಂತೆ, ಸಭೆಯಲ್ಲಿ ತಮ್ಮ ಮಾತಿಗೆ ಬೆಲೆ ಸಿಗದವರೂ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಇಂಥವನ್ನು ಅದೇ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ, ಗೆರೆ ಎಳೆಯದೆ, ಇಡಿಯಾಗಿ ಬರೆದುಕೊಂಡೆ. ಪರವಾನಗಿಯ ಅಧಿಕೃತ ಹೆಸರು ‘ಫೋರರ್‌ಕೊರ್ಟ್’ ಆದರೂ ಆಡುಮಾತಿನಲ್ಲಿ ಎಲ್ಲರೂ ಅದನ್ನು ‘ಲಾಪ್ಪೆನ್’ ಎನ್ನುತ್ತಾರೆ, ಮತ್ತು ಆ ಪದಕ್ಕೆ ನನ್ನ ಯಾವ ಪುಟದಲ್ಲಿಯೂ ಜಾಗವಿರಲಿಲ್ಲ.